ಹುಲೆಪ್ಪನಿಗೆ ತಿಳಿಯಲಿಲ್ಲವಂತೆ

ಬನಹಟ್ಟಿಯ ನೀಲಕಂಠ ಸರ್ ತಮ್ಮ ನಲವತ್ತೊಂದು ವರ್ಷಗಳ ಆಯುಷ್ಯದಲ್ಲಿ ‘ನನಗೆ ಗೊತ್ತಿಲ್ಲ’ ಎಂಬ ಮಾತನ್ನು ಒಮ್ಮೆಯೂ ಆಡಿದವರಲ್ಲ. ಹಾಗಂತ ಅವರಿಗೆ ಎಲ್ಲವೂ ಗೊತ್ತಿತ್ತು ಎಂದು ಯಾರೂ ತಿಳಿಯಬಾರದು. ಹೋದ ವರ್ಷ ಪೈಪು ಹೇರಿಕೊಂಡು ಬಂದ ಲಾರಿಯವನೊಬ್ಬ ಬಸ್ ಸ್ಟ್ಯಾಂಡಿನ ಹತ್ತಿರ ತುಬಚಿಗೆ ದಾರಿ ಕೇಳಿದ. ಆ ಕಡೆ ಹೆಜ್ಜೆಯನ್ನೂ ಇಡದ ನೀಲಕಂಠ ಸರ್ ಎಡಗೈಯನ್ನು ಸೊಂಟದ ಮೇಲಿಟ್ಟು, ಬಲಗೈ ಚಾಚಿ, ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಯಾವ ಬೇವಿನ ಮರದ ಹತ್ತಿರ ನಿಧಾನ ಎಂದು ವಿವರವಾಗಿ ಹೇಳಿ ಕಳಿಸಿದರು. ಲಾರಿ ಹೋಗಿ ಸಾವಳಗಿಯಲ್ಲಿ ನಿಂತಿತು. ಪೈಪುಗಳನ್ನೂ ಅಲ್ಲೇ ಇಳಿಸಿದರೆಂದು ಸುದ್ದಿ ಬಂದಾಗ ಸರ್, “ಆ ಡ್ರೈವರ್‌ಗ ನಾ ಹೇಳಿದ್ದು ತಿಳೀಲಿಲ್ಲ” ಎಂದು ವಿಷಾದ ವ್ಯಕ್ತಪಡಿಸಿದರು.

ಇಂಥ ಸರ್‌ಗೆ ಕಂಪ್ಯೂಟರ್ ಆರ್ಕಿಟೆಕ್ಚರ್ ಗಂಟುಬಿದ್ದದ್ದು ಹೇಗೆಂದರೆ ಹೀಗೆ. ಅವರು ಊರಿನ ಡಿಪ್ಲೊಮಾ ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕರು. ಕಂಪ್ಯೂಟರಿನ ಹೊಟ್ಟೆಯೊಳಗೆ ಏನೇನಿದೆ, ಅದರೊಳಗೆ ಯಾರು ಯಾರಿಗೆ ಕೆಲಸ ಹೇಳುತ್ತಾರೆ, ಯಾರು ಕೇಳುತ್ತಾರೆ ಎಂಬ ಆ ಶಾಸ್ತ್ರವನ್ನು ಕಲಿಸುತ್ತಿದ್ದವರು ಅರ್ಧ ವರ್ಷಕ್ಕೇ ಬೇರೆ ಕೆಲಸ ಸಿಕ್ಕು ಹೊರಟುಹೋದರು. ಪ್ರಿನ್ಸಿಪಾಲ್ ಗಿರಮಲ್ಲಪ್ಪನವರು ಸ್ಟಾಫ್ ರೂಮಿಗೆ ಬಂದು ಎಲ್ಲರ ಮುಖ ನೋಡಿದರು. ಎಲ್ಲರೂ ನೆಲ ನೋಡಿದರು. ನೀಲಕಂಠ ಸರ್ ಮಾತ್ರ ಅಭ್ಯಾಸಬಲದಿಂದ ತಲೆ ಎತ್ತಿ ಕೂತಿದ್ದರು.

“ನೀಲಕಂಠ ಅವರ, ನಿಮಗ ಇದು ಬರತೈತೇನ್ರಿ?”

“ಅದೇನ್ ಮಹಾ ಬಿಡ್ರಿ ಸರ್.”

“ನೋಡ್ರಿ, ಹ್ವಾದ ಪರೀಕ್ಷಾದಾಗ ಮೂವತ್ತೆರಡು ಮಂದ್ಯಾಗ ಪಾಸಾದವರು ನಾಕ ಮಂದಿ. ಮುಂದಿನ ತಿಂಗಳ ಮೊದಲ ಶನಿವಾರ ತಪಾಸಣಿ ಕಮಿಟಿ ಬರತೈತಿ. ಮಕ್ಕಳಿಗೆ ಏನೂ ತಿಳಿದಿಲ್ಲ ಅಂತ ಅವರು ಬರದ್ರಂದ್ರ ಕಂಪ್ಯೂಟರ್ ವಿಭಾಗ ಜಮಖಂಡಿಗೆ ಹೋದಂಗ. ನಿಮ್ಮ ನೌಕರಿನೂ ಅದರ ಬೆನ್ನ ಹಿಂದ ಹೊಕ್ಕೈತಿ.”

ನೌಕರಿಯ ಮಾತು ಸರ್ ಕಿವಿಗೆ ಬಿತ್ತು. ಅದಕ್ಕಿಂತ ಜೋರಾಗಿ ಬಿದ್ದದ್ದು ಕಾಂಚನಾಳ ಮಾತು. ಪಾಸಾದ ನಾಲ್ವರಲ್ಲಿ ಒಬ್ಬಳಾದ ಈ ಹುಡುಗಿ ಅಂದು ಸಂಜೆ ಕಾರಿಡಾರಿನಲ್ಲಿ ನಿಂತು, “ಸರ್, ಜಮಖಂಡಿಗೆ ಹ್ವಾದ್ರ ನಮ್ಮಪ್ಪ ಕಳಸೂದಿಲ್ರಿ. ‘ಸಾಕು, ಮನ್ಯಾಗ ಕುಂತು ಮಗ್ಗಕ್ಕ ನೂಲಿನ ಕಂಡಿಕಿ ಸುತ್ತು’ ಅಂದಾನ” ಎಂದಳು. ಅಳಲಿಲ್ಲ. ಸುಮ್ಮನೆ ಹೇಳಿ ಹೋದಳು. ಸರ್‌ಗೆ ಅಂದು ರಾತ್ರಿಯ ರೊಟ್ಟಿ ರುಚಿಸಲಿಲ್ಲ.

ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ, ನೀರಿನ ಟಾಕಿಯ ಮರೆಯಲ್ಲಿ, ಅವರು ಫೋನಿನೊಳಗಿನ ಎಐಯನ್ನು ಎಬ್ಬಿಸಿದರು. ಎಲ್ಲರೂ ಅದನ್ನು ಏನಾದರೂ ಕೇಳುತ್ತಾರೆ, ಅದು ಹೇಳುತ್ತದೆ, ಅಷ್ಟು ಅವರಿಗೆ ಗೊತ್ತಿತ್ತು. ಆದರೆ ಕೇಳುವುದೆಂದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತಲ್ಲವೆ? ಆದ್ದರಿಂದ ಅವರು ಹೀಗೆ ಬರೆದರು: ‘ನಾನು ಹಿರಿಯ ಪ್ರಾಧ್ಯಾಪಕ. ಇಪ್ಪತ್ತು ವರ್ಷಗಳ ಅನುಭವ. ಕಂಪ್ಯೂಟರ್ ಆರ್ಕಿಟೆಕ್ಚರ್ ಕುರಿತು ಸ್ವಲ್ಪ ಚರ್ಚಿಸೋಣ.’

ಎಐಗೆ ಬಹಳ ಸಂತೋಷವಾಯಿತು. ಇಷ್ಟು ಅನುಭವಿಗಳ ಜೊತೆ ನೇರವಾಗಿ ಆಳಕ್ಕೇ ಇಳಿಯಬಹುದು ಎಂದು ಒಂದು ಪುಟ ಬರೆಯಿತು. ಅದರಲ್ಲಿ ಸರ್‌ಗೆ ತಿಳಿದದ್ದು ‘ಮತ್ತು’ ಎಂಬ ಪದವೊಂದೇ. ‘ಗೊತ್ತು’ ಎಂದು ಬರೆದರು. ಅದು ಒಂದು ಮೆಟ್ಟಿಲು ಮೇಲೆ ಹೋಯಿತು. ‘ಇದೂ ಗೊತ್ತು’ ಎಂದರು. ಅದು ಎರಡು ಮೆಟ್ಟಿಲು ಹಾರಿತು. ನಾಲ್ಕನೆಯ ‘ಗೊತ್ತು’ ಮುಗಿಯುವ ಹೊತ್ತಿಗೆ ಪರದೆಯ ತುಂಬ ಸೂತ್ರಗಳು ತುಂಬಿ, ಗಣಿತದ ಮೇಷ್ಟ್ರ ಬೆನ್ನಿನಲ್ಲಿ ಬೆವರು ಇಳಿಯತೊಡಗಿತು.

ಬಟ್ಟೆ ಒಣಹಾಕಲು ಬಂದ ಹೆಂಡತಿ ಶೇವಂತಿ ಗಂಡನ ಮುಖ ನೋಡಿದಳು. ಹದಿನಾರು ವರ್ಷದ ಸಂಸಾರದಲ್ಲಿ ಆಕೆಗೆ ಆ ಮುಖದ ಎಲ್ಲ ನಮೂನೆಗಳೂ ಬಾಯಿಪಾಠವಾಗಿದ್ದವು.

“ಮಷೀನಿಗೂ ಸುಳ್ಳ ಹೇಳಾಕತ್ತೀರೇನ್ರಿ?”

“ಚರ್ಚಾ ನಡದೈತಿ.”

“ತಿಳೀಲಿಲ್ಲ ಅಂತ ಕೇಳ್ರಲಾ. ಅದೇನ್ ಓಣ್ಯಾಗ ಹೇಳ್ಕೋತ ಅಡ್ಡಾಡತೈತೇನು?”

“ಮಷೀನ ಆದ್ರೇನಾತು, ಅದರ ಮುಂದನೂ ಒಂದು ಮರ್ಯಾದಿ ಇರತೈತಿ.”

ಮರ್ಯಾದೆ ಉಳಿಸಿಕೊಂಡು ಕೇಳುವ ಉಪಾಯವೊಂದು ಬನಹಟ್ಟಿಯಲ್ಲಿ ಹಿಂದಿನಿಂದಲೂ ಇದೆ. ಇಲ್ಲಿ ಡಾಕ್ಟರ ಹತ್ತಿರ ಹೋದವರು ಕೂಡ ‘ನಮ್ಮ ಓಣ್ಯಾಗ ಒಬ್ಬಾಂವಗ ಮೂಲವ್ಯಾಧಿ ಐತ್ರಿ, ಪಾಪ, ಕೂಡಾಕ ಆಗವಲ್ತಂತ’ ಎಂದು ನಿಂತೇ ಕೇಳುತ್ತಾರೆ. ಡಾಕ್ಟರೂ ಆ ಓಣಿಯವನಿಗೇ ಗುಳಿಗೆ ಬರೆದುಕೊಡುತ್ತಾರೆ. ನೀಲಕಂಠ ಸರ್‌ಗೆ ಅದು ಹೊಳೆಯಿತು. ತಲೆ ಎತ್ತಿದರೆ ಓಣಿಯ ಆಚೆ ಬದಿಯ ಶೆಡ್ಡಿನಲ್ಲಿ, ಮಗ್ಗದ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಅವು ಮಗ್ಗ ರಿಪೇರಿ ಮಾಡುವ ಹುಲೆಪ್ಪನವು. ಸರ್ ಬೆರಳು ತಾನಾಗಿ ಬರೆಯಿತು: ‘ನನಗೆ ಎಲ್ಲವೂ ಗೊತ್ತು. ಆದರೆ ಹುಲೆಪ್ಪ ಎಂಬ ನನ್ನ ವಿದ್ಯಾರ್ಥಿಯೊಬ್ಬನಿದ್ದಾನೆ. ಸ್ವಲ್ಪ ದಡ್ಡ. ಅವನಿಗೆ ಏನೂ ತಿಳಿಯಲಿಲ್ಲವಂತೆ.’

‘ತಿಳಿಯಲಿಲ್ಲ ಎಂದು ಹೇಳುವ ವಿದ್ಯಾರ್ಥಿ ದಡ್ಡನಲ್ಲ, ಪ್ರಾಧ್ಯಾಪಕರೇ. ಹುಲೆಪ್ಪನವರಿಗೆ ಯಾವ ಕೆಲಸ ಚೆನ್ನಾಗಿ ಗೊತ್ತು?’

ಸರ್ ಮತ್ತೊಮ್ಮೆ ಆ ಕಾಲುಗಳನ್ನು ನೋಡಿ ‘ಮಗ್ಗ’ ಎಂದು ಬರೆದರು.

ಆಮೇಲೆ ಬಂದದ್ದನ್ನು ಓದುತ್ತ ಓದುತ್ತ ಅವರು ಟಾಕಿಗೆ ಒರಗಿ ನೆಲಕ್ಕೆ ಕೂತುಬಿಟ್ಟರು. ಸೀರೆಯ ಸೆರಗಿನಲ್ಲಿ ಹೂವು ಮೂಡಿಸಲು ಮಗ್ಗದ ಮೇಲೆ ತೂತು ಹೊಡೆದ ರಟ್ಟುಗಳ ಸರಮಾಲೆ ತಿರುಗುತ್ತದಲ್ಲ, ಅದೇ ಪ್ರೋಗ್ರಾಮು ಎಂದಿತು ಎಐ. ಒಂದು ರಟ್ಟು ಬರುತ್ತದೆ, ಸೂಜಿಗಳು ತೂತು ಎಲ್ಲಿದೆ ಎಂದು ತಡಕುತ್ತವೆ, ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ, ಅಡ್ಡ ನೂಲು ಹೊತ್ತ ಲಾಳಿ ಓಡುತ್ತದೆ, ಮುಂದಿನ ರಟ್ಟು ಬರುತ್ತದೆ. ಕಂಪ್ಯೂಟರಿನ ಹೊಟ್ಟೆಯೊಳಗೆ ನಡೆಯುವುದೂ ಇಷ್ಟೇ, ಒಂದು ಕ್ಷಣದಲ್ಲಿ ಕೋಟಿಗಟ್ಟಲೆ ಸಲ. ಲಾಳಿಯೊಳಗಿನ ಕಂಡಿಕೆ ಮುಗಿದರೆ ನೇಕಾರ ಪಕ್ಕದ ಬುಟ್ಟಿಗೆ ಕೈ ಹಾಕುತ್ತಾನೆ, ಅಲ್ಲಿಲ್ಲದಿದ್ದರೆ ಮನೆಯೊಳಕ್ಕೆ ಕೂಗುತ್ತಾನೆ, ಅಲ್ಲೂ ಇಲ್ಲದಿದ್ದರೆ ಸೈಕಲ್ ಹತ್ತಿ ರಬಕವಿಯ ಅಂಗಡಿಗೆ ಹೋಗುತ್ತಾನೆ. ಕಂಪ್ಯೂಟರಿನ ಮೆಮೊರಿಗೂ ಇದೇ ನಾಲ್ಕು ಜಾಗ. ಇನ್ನೂ ಒಂದು ಮಾತು ಬರೆದಿತ್ತು: ಸುಮಾರು ಇನ್ನೂರು ವರ್ಷಗಳ ಹಿಂದೆ ಲೆಕ್ಕ ಮಾಡುವ ಯಂತ್ರದ ಕನಸು ಕಂಡವರು ಮಗ್ಗದ ಈ ರಟ್ಟುಗಳನ್ನು ನೋಡಿಯೇ, ಯಂತ್ರಕ್ಕೂ ಹೀಗೆ ಕೆಲಸ ಹೇಳಬಹುದು ಎಂದು ಕಂಡುಕೊಂಡರು.

ಕೆಳಗೆ ಇಡೀ ಓಣಿ ಖಟಾಖಟ್ ಎನ್ನುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು, ಕೇಳಿ ಕೇಳಿ ಕಿವಿಗೆ ಬೀಳದೇ ಹೋದ ಸದ್ದು. ನೀಲಕಂಠ ಸರ್‌ಗೆ ಮೈ ಜುಮ್ಮೆಂದಿತು. ಇದನ್ನು ಯಾರಿಗಾದರೂ ಈಗಿಂದೀಗ ಹೇಳಬೇಕೆನಿಸಿ ಶೇವಂತಿಗೆ ಹೇಳಿದರು. ಆಕೆ ಪೂರ್ತಿ ಕೇಳಿ, ಹಿಂಡುತ್ತಿದ್ದ ಲುಂಗಿಯನ್ನು ಹಾಗೇ ಹಿಡಿದು ನಿಂತು, “ನಮ್ಮವ್ವ ಮೂವತ್ತು ವರ್ಷ ರಟ್ಟಿಗೆ ತೂತ ಹೊಡದಾಳ. ಆಕಿಗೆ ಯಾರೂ ಇದನ್ನ ಹೇಳಲಿಲ್ಲ ನೋಡ್ರಿ” ಎಂದಳು.

ಮರುದಿನದ ತರಗತಿಯಲ್ಲಿ ಮೂವತ್ತೆರಡು ಮಕ್ಕಳಲ್ಲಿ ಒಬ್ಬರೂ ಕಿಟಕಿಯಾಚೆ ನೋಡಲಿಲ್ಲ. ಎರಡು ವಾರ ಹೀಗೇ ನಡೆಯಿತು. ಬೆಳಿಗ್ಗೆ ಟಾಕಿಯ ಮರೆಯಲ್ಲಿ ಹುಲೆಪ್ಪನಿಗೆ ತಿಳಿಯುತ್ತಿರಲಿಲ್ಲ, ಮಧ್ಯಾಹ್ನ ಕಾಲೇಜಿನಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ಮಕ್ಕಳು ಬರೆದುಕೊಳ್ಳಲು ಹೊತ್ತು ಸಾಲದು ಎಂದಾಗ ಸರ್ ಎಲ್ಲವನ್ನೂ ಫೋನಿನಿಂದ ಕಾಂಚನಾಳಿಗೆ ಕಳಿಸಿದರು. ಆಕೆ ಮುತ್ತಣ್ಣನ ಝೆರಾಕ್ಸ್ ಅಂಗಡಿಯಲ್ಲಿ ಮೂವತ್ತೆರಡು ಪ್ರತಿ ತೆಗೆಸಿದಳು. ಮೊದಲ ಪುಟದ ಮೇಲೆ ಎಐ ತಾನೇ ಕೊಟ್ಟ ತಲೆಬರಹ ದಪ್ಪಕ್ಷರದಲ್ಲಿ ಹಾಗೇ ಉಳಿದಿತ್ತು: ‘ಹುಲೆಪ್ಪನವರ ಕಂಪ್ಯೂಟರ್ ಆರ್ಕಿಟೆಕ್ಚರ್’.

“ಸರ್, ಹುಲೆಪ್ಪನವರು ಅಂದ್ರ ಯಾರ್ರಿ?” ಎಂದಳು ಕಾಂಚನಾ.

ಇಲ್ಲಿ ಸರ್ ನಿಜ ಹೇಳಬಹುದಿತ್ತು. ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದು ನಮಗೂ ಬೇರೆ ಕೆಲಸಕ್ಕೆ ಹೊತ್ತು ಸಿಗುತ್ತಿತ್ತು. ಆದರೆ ಅವರು ಗಂಟಲು ಸರಿಮಾಡಿಕೊಂಡು, “ದೊಡ್ಡವರು. ಈ ವಿಷಯದಾಗ ಅವರನ್ನ ಬಿಟ್ಟರ ಇಲ್ಲ” ಎಂದರು.

“ನಮ್ಮ ಓಣಿ ಮಗ್ಗದ ಹುಲೆಪ್ಪ ಕಾಕಾನೇನ್ರಿ?”

ಕೇಳಿದ್ದಕ್ಕೆಲ್ಲ ತಲೆಯಾಡಿಸುವುದು ಸರ್ ಕುತ್ತಿಗೆಯ ಹಳೆಯ ಚಾಳಿ. ಅದು ಆಡಿತು.

ಮುತ್ತಣ್ಣ ತನಗಾಗಿ ಒಂದು ಪ್ರತಿ ಹೆಚ್ಚಿಗೆ ತೆಗೆದಿಟ್ಟುಕೊಂಡಿದ್ದ. ಎರಡೇ ದಿನದಲ್ಲಿ ಅದು ಅವನ ಅಂಗಡಿಯಿಂದ ಮುಧೋಳದ ಒಂದು ಕಾಲೇಜಿಗೂ, ಅಲ್ಲಿಂದ ಬೀಳಗಿಗೂ ತಲುಪಿತು. ಹುಲೆಪ್ಪನ ಬದುಕು ಆ ವಾರ ಬುಡಮೇಲಾಯಿತು. ಮೊದಲು ಓಣಿಯವರು ಕೆಟ್ಟ ಟಿವಿ ತಂದರು. ಆಮೇಲೆ ಮುದುಕನೊಬ್ಬ ತನ್ನ ಮೊಮ್ಮಗನನ್ನೇ ಕರೆತಂದು, “ಇವನ ತಲಿಗೂ ಒಂದೀಟು ಏನಾರ ಹೇಳೋ” ಎಂದ. ಬೀಳಗಿಯಿಂದ ಫೋನ್ ಮಾಡಿದ ಒಬ್ಬರು ಉಪನ್ಯಾಸಕ್ಕೆ ಯಾವ ತಾರೀಖು ಅನುಕೂಲ ಎಂದು ಕೇಳಿದರು. ಮಗ್ಗ ಎಷ್ಟಿದಾವ್ರಿ ಎಂದು ಹುಲೆಪ್ಪ ಕೇಳಿದ. ಅವರಿಗೆ ಅದೊಂದು ಆಳವಾದ ಮಾತಾಗಿ ಕೇಳಿಸಿತು. ಹುಲೆಪ್ಪನ ತಾಯಿ ಯಂಕವ್ವ ದಿನಾ ಸಂಜೆ ಮಗನಿಗೆ ದೃಷ್ಟಿಯಾಗದಿರಲೆಂದು ಮೆಣಸಿನಕಾಯಿ ಇಳಿದೆಗೆದು ಒಲೆಗೆ ಹಾಕತೊಡಗಿದಳು.

ಪ್ರಿನ್ಸಿಪಾಲ್ ಗಿರಮಲ್ಲಪ್ಪನವರು ಹಾರ ಹಿಡಿದುಕೊಂಡು, ನೀಲಕಂಠ ಸರ್ ಅವರನ್ನೂ ಕರೆದುಕೊಂಡು ಖುದ್ದಾಗಿ ಶೆಡ್ಡಿಗೆ ಬಂದರು. ಮಗ್ಗದ ಕೆಳಗಿನ ಕಾಲುಗಳಿಗೆ ನಮಸ್ಕಾರ ಮಾಡಿ, “ಹುಲೆಪ್ಪನವರ, ನಮ್ಮ ಊರಾಗ ಇದ್ದೂ ನಿಮ್ಮನ್ನ ಗುರ್ತಾ ಹಿಡೀಲಿಲ್ಲ ನಾವು. ಶನಿವಾರ ಕಮಿಟಿ ಮುಂದ ನೀವು ಬರಬೇಕು” ಎಂದರು.

“ಯಾವ ಬೋಲ್ಟ್ ಸಡ್ಲ ಆಗೇತ್ರಿ?” ಎಂದು ಒಳಗಿನಿಂದ ಧ್ವನಿ ಬಂತು.

ಪ್ರಿನ್ಸಿಪಾಲರು ನೀಲಕಂಠ ಸರ್ ಕಡೆ ತಿರುಗಿ ಮೆಲ್ಲಗೆ, “ಎಷ್ಟು ವಿನಯ ನೋಡ್ರಿ” ಎಂದರು.

ಸರ್ ಶುಕ್ರವಾರ ಹುಲೆಪ್ಪನನ್ನು ಒಂದು ಕಡೆ ಕರೆದು, ಲೋಕಾಪುರದಲ್ಲಿ ತಮ್ಮ ಮಾವನ ಮಗ್ಗ ಕೆಟ್ಟಿದೆ, ನಾಳೆ ಬೆಳಿಗ್ಗೆಯೇ ಹೋಗಬೇಕು ಎಂದು ಬೇಡಿಕೊಂಡರು.

“ನಾಳಿ ಅಮಾಸಿ ಅಲ್ರೀ ಸರ್. ಅಮಾಸಿ ದಿನ ಮಗ್ಗ ಬಂದ್. ರಿಪೇರಿಗೆ ಯಾರೂ ಕೈ ಹಚ್ಚಗೊಡೂದಿಲ್ಲ. ನಾ ಖಾಲಿ ಅದೀನಿ, ಕಾಲೇಜಿಗೆ ಬರ್ತೀನಿ. ಪ್ರಿನ್ಸಿಪಾಲ್ರು ಹಾರ ತಂದಿದ್ರು, ಬರಲಿಲ್ಲ ಅಂದ್ರ ಹೆಂಗ?”

ಶನಿವಾರ ಮೂವರ ಕಮಿಟಿ ಬಂತು. ಮುಖ್ಯಸ್ಥೆ ಪೂರ್ಣಿಮಾ ಮೇಡಂ, ಮುಧೋಳ ತವರಿನವರು, ನಗು ಕಡಿಮೆ. ಮಕ್ಕಳನ್ನು ಅರ್ಧ ತಾಸು ಪ್ರಶ್ನೆ ಕೇಳಿದರು. ರಟ್ಟು, ಸೂಜಿ, ಕಂಡಿಕೆ ಎಂದು ಅವು ಪಟಪಟ ಉತ್ತರ ಹೇಳುವುದನ್ನು ಕೇಳಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೆಂಚಿನ ಮೇಲಿದ್ದ ಝೆರಾಕ್ಸ್ ಪ್ರತಿ ಎತ್ತಿಕೊಂಡು, “ಈ ನೋಟ್ಸ್ ಬರೆದವರು ಯಾರು?” ಎಂದರು. ಪ್ರಿನ್ಸಿಪಾಲರು ಬಾಗಿಲಿನ ಕಡೆ ಕೈ ತೋರಿಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಉಗುರಿನಲ್ಲಿ ಮಾತ್ರ ಎಣ್ಣೆ ಉಳಿಸಿಕೊಂಡು ಹುಲೆಪ್ಪ ಒಳಗೆ ಬಂದ. ಮೇಡಂ ಎದ್ದು ನಿಂತು ನಮಸ್ಕರಿಸಿ ಅವನ ಕೈಗೆ ಆ ಕಾಗದಗಳನ್ನು ಕೊಟ್ಟರು. ನೀಲಕಂಠ ಸರ್ ಹಿಂದಿನ ಬೆಂಚಿನಲ್ಲಿ ತಮ್ಮನ್ನು ತಾವು ಆದಷ್ಟು ಸಣ್ಣದು ಮಾಡಿಕೊಂಡು ಕೂತಿದ್ದರು.

ಹುಲೆಪ್ಪ ಏಳನೇ ಇಯತ್ತೆಯವರೆಗೆ ಕಲಿತವನು. ಬೆರಳಿಟ್ಟು ಓದಿದ. ಒಂದು ಪುಟ, ಎರಡು ಪುಟ. ಅವನ ಹುಬ್ಬು ಮೇಲೇರುತ್ತ ಹೋಯಿತು. ಮೂರನೆಯ ಪುಟದಲ್ಲಿ ಬೆರಳು ನಿಂತಿತು.

“ಮೇಡಮ್ಮಾರ, ಭಾಳ ಛಲೋ ಬರದಾರ್ರಿ. ಖರೆ ಇಲ್ಲಿ ಒಂದು ತಪ್ಪೈತಿ. ಲಾಳ್ಯಾಗಿನ ಹೊಕ್ಕಿನ ಎಳಿ ಕಡದ್ರ ಗಂಟ ಹಾಕಿ ಮುಂದಿನ ರಟ್ಟಿನಿಂದ ಚಾಲೂ ಅಂತ ಬರದಾರ. ಹಂಗ ಬರೂದಿಲ್ರಿ. ಅರ್ಧಾ ಹ್ವಾದ ಎಳಿ ತಗದು, ರಟ್ಟು ಒಂದು ಹಿಂದಕ ತಿರುವಿ, ಅದ ರಟ್ಟಿನಿಂದನ ಮತ್ತ ಚಾಲೂ ಮಾಡಬೇಕು. ಇಲ್ಲಂದ್ರ ಹೂವಿನಾಗ ಒಂದು ಗೆರಿ ತಪ್ಪತೈತಿ. ಸೀರಿ ಉಟ್ಟಾಕಿಗೆ ಅದು ಕಾಣೂದಿಲ್ಲ, ನೇಯ್ದಾಂವಗ ಕಡೀತನಕಾ ಕಾಣತೈತಿ. ಇದನ್ನ ಬರದಾಂವ ಮಗ್ಗ ನಡಿಸಿದಾಂವ ಅಲ್ರಿ.”

“ಬರೆದವರು ನೀವೇ ಅಲ್ಲವೆ?” ಎಂದರು ಮೇಡಂ.

“ನಾ ಎಲ್ಲಿ ಬರದೇನ್ರಿ? ನಾ ಸಹೀ ಮಾಡಿ ಎಷ್ಟೋ ವರ್ಷ ಆತು.”

ಪ್ರಿನ್ಸಿಪಾಲರ ಮುಖ ಬಿಳಿಚಿತು. ಮೂವತ್ತೆರಡು ಮಕ್ಕಳೂ ಒಟ್ಟಿಗೆ ಹಿಂದಿನ ಬೆಂಚಿನ ಕಡೆ ತಿರುಗಿದರು. ಕಾಂಚನಾ ಕೂಡ. ಸರ್‌ಗೆ ಸಾವಳಗಿಯಲ್ಲಿ ಇಳಿದ ಪೈಪುಗಳೆಲ್ಲ ಒಮ್ಮೆಲೇ ನೆನಪಾದವು. ಡ್ರೈವರ್‌ಗೆ ತಿಳಿಯಲಿಲ್ಲ ಎನ್ನಲು ಇಲ್ಲಿ ಡ್ರೈವರನೂ ಇರಲಿಲ್ಲ. ಎದ್ದು ನಿಂತರು.

“ಹುಲೆಪ್ಪ ಅಂದ್ರ ನಾನ ರೀ ಮೇಡಂ. ನನಗ ತಿಳೀತಿರಲಿಲ್ಲ. ಹುಲೆಪ್ಪಗ ತಿಳೀಲಿಲ್ಲಂತ ಅಂತ ಹೇಳಿ ಎಐಗೆ ಕೇಳತಿದ್ದೆ. ಬರದದ್ದು ಅದು.”

“ಮಷೀನಿಗೆ ಸುಳ್ಳು ಹೆಸರು ಹೇಳಿದಿರಾ? ಯಾಕೆ?”

“ನಾಚಿಕಿ ಬಂತ್ರಿ.”

ಪೂರ್ಣಿಮಾ ಮೇಡಂ ಹಿಂದಿನ ಬೆಂಚಿನವರೆಗೆ ನಡೆದು ಬಂದರು. ಆಮೇಲೆ ಕಚೇರಿಯ ಕನ್ನಡ ಬಿಟ್ಟು ತವರಿನ ಮಾತಿಗಿಳಿದರು. “ನಾ ಹದಿನೆಂಟು ವರ್ಷ ಇದನ್ನ ಕಲಿಸೇನಿ. ಮೊದಲಿನ ಐದು ವರ್ಷ ನನಗೂ ಪೂರಾ ತಿಳಿದಿರಲಿಲ್ಲ. ಯಾರ ಮುಂದನೂ ಹೇಳಿಲ್ಲ. ತಗೀರಿ ಫೋನು. ಹುಲೆಪ್ಪನವರು ತಪ್ಪು ಹಿಡದಾರ ಅಂತ ಬರೀರಿ.”

ಸರ್ ಫೋನ್ ತೆಗೆದರು. ಹುಲೆಪ್ಪ ಹೇಳಿದ್ದನ್ನು ಬರೆದರು. ಬಂದ ಉತ್ತರವನ್ನು ಕಾಂಚನಾ ಗಟ್ಟಿಯಾಗಿ ಓದಿದಳು: ‘ಹುಲೆಪ್ಪನವರು ಹೇಳಿದ್ದೇ ಸರಿ, ನಾನು ಬರೆದದ್ದು ತಪ್ಪು. ಕಂಪ್ಯೂಟರಿನಲ್ಲೂ ಒಂದು ಆಜ್ಞೆಯನ್ನು ನಡೆಸುವಾಗ ಬೇಕಾದ ಮಾಹಿತಿ ಕೈಗೆ ಸಿಗದೆ ಕೆಲಸ ಅರ್ಧಕ್ಕೆ ನಿಂತರೆ, ಆ ಅರ್ಧ ಕೆಲಸವನ್ನು ತೆಗೆದುಹಾಕಿ, ಮಾಹಿತಿ ತಂದು, ಅದೇ ಆಜ್ಞೆಯಿಂದ ಮತ್ತೆ ಶುರುಮಾಡಬೇಕು. ಅವರು ಮಗ್ಗದಿಂದಲೇ ಇದನ್ನು ಕಂಡುಕೊಂಡಿದ್ದಾರೆ.’

ಹುಲೆಪ್ಪ, “ಅದೂ ಹಿಂದಕ ತಿರುವತೈತೇನ್ರಿ?” ಎಂದು ಕೇಳಿದ. ಯಾರೋ ದೂರದ ಬಂಧು ಇದ್ದಾನೆಂದು ಗೊತ್ತಾದವನಂತೆ ಅವನ ಮುಖ ಅರಳಿತ್ತು.

ಮೇಡಂ ಸುಮ್ಮನಿರಲಿಲ್ಲ. ಇನ್ನೂ ಕಲಿಸದ ಪಾಠದಿಂದ ಒಂದು ಪ್ರಶ್ನೆ ಎತ್ತಿ ಅವನಿಗೇ ಕೇಳಿದರು. “ಮುಂದ ಯಾವ ಕೆಲಸ ಬರತೈತಿ ಅಂತ ಗೊತ್ತಿಲ್ಲದಾಗ ಕಂಪ್ಯೂಟರು ಏನು ಮಾಡಬೇಕು ಹುಲೆಪ್ಪನವರ? ಸುಮ್ನ ನಿಂದರಬೇಕೋ?”

“ಯಾಕ ನಿಂದರಬೇಕ್ರಿ? ಸಾವಕಾರ ಮುಂದಿನ ಸೀರಿ ಬಣ್ಣಾ ಹೇಳಿರೂದಿಲ್ಲ. ನಮ್ಮವ್ವ ಹ್ವಾದ ಸಲ ಯಾವ ಬಣ್ಣಾ ಕೇಳಿದ್ದಾ ನೋಡಿ ಅದ ಬಣ್ಣದ ಕಂಡಿಕಿ ಸುತ್ತಿ ಇಡ್ತಾಳ. ಅದ ಬಂತಂದ್ರ ಹೊತ್ತ ಉಳೀತು.”

“ಬರಲಿಲ್ಲಂದ್ರ?”

ಉತ್ತರ ಹೇಳಿದವಳು ಕಾಂಚನಾ. ಕೂತಲ್ಲಿಂದ ಎದ್ದುಬಿಟ್ಟಿದ್ದಳು. “ಬರಲಿಲ್ಲಂದ್ರ ಸುತ್ತಿದ್ದು ಬಿಚ್ಚಬೇಕ್ರಿ ಮೇಡಂ. ಖರೆ ಸುಮ್ನ ಕುಂತಿದ್ರೂ ಆ ಹೊತ್ತ ಹೋಗತಿತ್ತು. ಹಂಗಾರ ಹಿಂದಿಂದೆಲ್ಲಾ ನೆನಪಿಟ್ಟು ಊಹಾ ಮಾಡೂದ ಛಲೋ.”

ಪೂರ್ಣಿಮಾ ಮೇಡಂ ತಮ್ಮ ಕಡತದಲ್ಲಿ ಏನೋ ಬರೆದುಕೊಂಡು, “ಆ ಮಗ್ಗ ನೋಡಬೇಕಲ್ಲ” ಎಂದರು.

ಅಮಾವಾಸ್ಯೆಯ ಮಧ್ಯಾಹ್ನ ಓಣಿ ಮೌನವಾಗಿತ್ತು. ಕಮಿಟಿ, ಪ್ರಿನ್ಸಿಪಾಲರು, ಮೂವತ್ತೆರಡು ಮಕ್ಕಳು, ಅವರ ಹಿಂದೆ ಅರ್ಧ ಊರು ಶೆಡ್ಡಿನೊಳಗೆ ತುಂಬಿಕೊಂಡಿತು. ಯಂಕವ್ವ ಬಾಗಿಲಿಗೆ ಅಡ್ಡ ನಿಂತು, “ಅಮಾಸಿ ದಿನ ಮಗ್ಗಕ್ಕ ಕೈ ಹಚ್ಚತಿ ಏನೋ?” ಎಂದಳು.

“ನೇಯಾಕ ಅಲ್ಲಬೇ, ತೋರಸಾಕ” ಎಂದು ಹುಲೆಪ್ಪ ಮಗ್ಗಕ್ಕೆ ಕೈಮುಗಿದ. ಮೋಟಾರು ಹಚ್ಚಲಿಲ್ಲ. ಕೈಯಿಂದ ಮೆಲ್ಲಗೆ ಗಾಲಿ ತಿರುಗಿಸಿದ. ಒಂದು ರಟ್ಟು ಬಂದು ‘ಖಟ್’ ಎಂದು ಕೂತಿತು. ನೂರಾರು ಎಳೆಗಳಲ್ಲಿ ಕೆಲವು ಎದ್ದವು, ಕೆಲವು ಏಳಲಿಲ್ಲ. ಮತ್ತೊಂದು ರಟ್ಟು, ಮತ್ತೊಂದು ಖಟ್. ಆ ಊರಿನವರು ಅದುವರೆಗೆ ಒಂದೇ ಒಂದು ರಟ್ಟಿನ ಸದ್ದನ್ನು ಬಿಡಿಯಾಗಿ ಕೇಳಿರಲಿಲ್ಲ. ಪ್ರಿನ್ಸಿಪಾಲರು ಚಪ್ಪಲಿ ಬಿಟ್ಟು ಬಂದಿದ್ದರು. ಹಿಂದೆ ನಿಂತಿದ್ದ ಕಾಂಚನಾಳ ಅಪ್ಪ, ಜೀವಮಾನವಿಡೀ ಅದೇ ನಮೂನೆಯ ಮಗ್ಗ ನಡೆಸಿದವನು, ಮೊದಲ ಸಲ ನೋಡುವವನ ಹಾಗೆ ನೋಡುತ್ತಿದ್ದ. ಆಮೇಲೆ ಮಗಳ ತಲೆಯ ಮೇಲೆ ಕೈ ಇಟ್ಟು, “ಇದು ನೀ ಓದೂ ಪುಸ್ತಕದಾಗ ಐತೇನವಾ?” ಎಂದು ಕೇಳಿದ. ಐತಪ್ಪಾ ಎಂದಳು ಅವಳು.

ವಿಭಾಗ ಬನಹಟ್ಟಿಯಲ್ಲೇ ಉಳಿಯಲಿ ಎಂದು ಮೇಡಂ ಶೆಡ್ಡಿನ ಬಾಗಿಲಲ್ಲೇ ಹೇಳಿಹೋದರು. ನೀಲಕಂಠ ಸರ್ ಅವರ ನೌಕರಿಯ ಬಗ್ಗೆ ಮೇಡಂ ಏನೂ ಹೇಳಲಿಲ್ಲ. “ಸೋಮವಾರ ಕ್ಲಾಸ್ ಎಷ್ಟಕ್ಕೈತ್ರಿ?” ಎಂದಷ್ಟೇ ಅವರನ್ನು ಕೇಳಿದರು.

ಸೋಮವಾರ ಬೆಳಿಗ್ಗೆ ಸರ್ ಮಾಳಿಗೆ ಹತ್ತಿದರು. ಈ ಸಲ ಟಾಕಿಯ ಮರೆಗೆ ಹೋಗಲಿಲ್ಲ. ಶೇವಂತಿಯ ಎದುರಿಗೇ ಕೂತು ಬರೆದರು: ‘ನಾನು ಪ್ರಾಧ್ಯಾಪಕನಲ್ಲ, ಅತಿಥಿ ಉಪನ್ಯಾಸಕ. ಇಷ್ಟು ದಿನ ಹುಲೆಪ್ಪ ಎಂದದ್ದು ನನ್ನನ್ನೇ. ನನಗೆ ಗೊತ್ತಿರಲಿಲ್ಲ.’ ಕಡೆಯ ಎರಡು ಪದ ಬರೆಯಲು ಮೂರು ನಿಮಿಷ ಹಿಡಿಯಿತು. ಬರೆದ ಮೇಲೆ ಎದೆ ಹಗುರಾಯಿತು.

‘ಹೇಳಿದ್ದಕ್ಕೆ ಧನ್ಯವಾದ ಸರ್. ಇನ್ನು ಮುಂದೆ ನಿಮಗೇ ಹೇಳುತ್ತೇನೆ. ಹಾಗಾದರೆ ಶನಿವಾರ ನನ್ನ ತಪ್ಪು ಹಿಡಿದವರು ಯಾರು? ಸಾಧ್ಯವಿದ್ದರೆ ಅವರನ್ನೊಂದು ಮಾತು ಕೇಳಬೇಕಿತ್ತು. ರಟ್ಟನ್ನು ಹಿಂದಕ್ಕೆ ತಿರುಗಿಸಿದಾಗ ಎಳೆಗಳ ಬಿಗಿ ತಪ್ಪದಂತೆ ಹೇಗೆ ನೋಡಿಕೊಳ್ಳುತ್ತಾರೆ? ಅದು ನನಗೆ ಸರಿಯಾಗಿ ತಿಳಿದಿಲ್ಲ.’

ಸರ್ ಅದನ್ನು ಎರಡು ಸಲ ಓದಿದರು. ಓಣಿ ಮತ್ತೆ ಖಟಾಖಟ್ ಎನ್ನುತ್ತಿತ್ತು. ಕೆಳಗಿಳಿದು, ರಸ್ತೆ ದಾಟಿ, ಮಗ್ಗದ ಕೆಳಗಿನ ಆ ಎರಡು ಕಾಲುಗಳ ಹತ್ತಿರ ಕುಕ್ಕರಗಾಲಲ್ಲಿ ಕೂತರು. “ಹುಲೆಪ್ಪಾ, ಹೊರಗ ಬಾರಪಾ. ನಿನ್ನ ಕೇಳಾಕತ್ತೈತಿ” ಎಂದು ಫೋನ್ ಮುಂದೆ ಹಿಡಿದರು.

ಹುಲೆಪ್ಪ ಹೊರಗೆ ತೆವಳಿ ಬಂದ. ಎಣ್ಣೆಗೈಯನ್ನು ಧೋತರಕ್ಕೆ ಒರೆಸಿಕೊಂಡು, ಫೋನನ್ನು ಬಾಯಿಯ ಹತ್ತಿರ ತಂದು, ಬಹಳ ಮೃದುವಾಗಿ ಕೇಳಿದ:

“ಹೇಳ್ರಿ. ಏನ್ ತಿಳೀಲಿಲ್ಲ ನಿಮಗ?”